ಸೋಮವಾರ ನರಗುಂದ, ಗುರುವಾರ ಗಜೇಂದ್ರಗಡ

ನನ್ನ ದನಿ ಹೋದ ದಿನ ಅದನ್ನು ಯಾರೂ ನಂಬಲಿಲ್ಲ. ರೋಣದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕೂತು, ಒಂದು ಚಾ ಎನ್ನಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಪಿಸುಗುಟ್ಟಿದಂತೆ ಏನೋ ಹೊರಟಿತು, ಅಷ್ಟೇ.

“ಇದು ಯಾರ ದನಿಯೋ ದಾವಲ್ಯಾ? ಹೊಸಾದು ಕಲತಿ ಏನ?” ಎಂದು ಅಂಗಡಿಯವನು ನಕ್ಕ.

ಗಂಟಲು ಹಿಡಿದುಕೊಂಡು ಕಣ್ಣು ದೊಡ್ಡದು ಮಾಡಿದೆ. ಬೆಂಚಿನ ಮೇಲಿದ್ದವರು ಇನ್ನೂ ಜೋರಾಗಿ ನಕ್ಕರು. ಒಬ್ಬನಂತೂ ಚಪ್ಪಾಳೆ ತಟ್ಟಿದ. ಊರನ್ನೆಲ್ಲ ಅಣಕಿಸಿದವನಿಗೆ ರೋಗ ಬಂದರೆ ಆ ರೋಗವೂ ಅಣಕವೇ ಆಗಿಬಿಡುತ್ತದೆ.

ನಾವು ನದಾಫರು, ಗಾದಿ ಕಸುಬಿನ ಮುಸಲ್ಮಾನರು. ಮನೆಯಲ್ಲಿ ಆಡುವುದು ಕನ್ನಡವೇ. ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅಪ್ಪ ಇಮಾಮಸಾಬ ಆ ಕೆಲಸ ಬಿಟ್ಟು ಮೈಕ್ ಹಿಡಿದ. ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಎರಡು ಹಾರ್ನ್ ಕಟ್ಟಿ ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಹಳ್ಳಿಗಳಲ್ಲಿ ಒದರುವುದು ಅವನ ಉದ್ಯೋಗ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣು ತಪಾಸಣೆ ಶಿಬಿರ, ಕಂಪನಿ ನಾಟಕ, ಕಳೆದುಹೋದ ಎಮ್ಮೆ, ಎಲ್ಲವೂ ಅವನ “ಕೇಳ್ರೆಪೋ ಕೇಳ್ರಿ” ಎಂಬ ಕೂಗಿನಿಂದಲೇ ಶುರು. ಗಾಡಿ ಹೊಡೆಯುವವನು ಹುಸೇನ ಮಾಮಾ, ಅವ್ವನ ಅಣ್ಣ.

ಒಂದು ಮಧ್ಯಾಹ್ನ ಜಕ್ಕಲಿಯಿಂದ ಬರುವಾಗ ಹಿಂದೆ ಕೂತಿದ್ದ ಅಪ್ಪನ ಕೂಗು ನಿಂತಿತು. ಗಂಟಲಿಗೆ ವಿಶ್ರಾಂತಿ ಕೊಟ್ಟಿದ್ದಾನೆ ಎಂದು ಮಾಮಾ ಗಾಡಿ ಹೊಡೆದೇ ಹೊಡೆದ. ರೋಣ ಮುಟ್ಟಿ ಹಿಂತಿರುಗಿ ನೋಡಿದಾಗ ಅಪ್ಪ ಮೈಕ್ ಹಿಡಿದೇ ಹೋಗಿಬಿಟ್ಟಿದ್ದ. ನಾನು ಆ ದಿನ ನರಗುಂದದಲ್ಲಿ ಗೆಳೆಯನ ಮದುವೆಯಲ್ಲಿ ಮಂದಿಯನ್ನು ನಗಿಸುತ್ತಿದ್ದೆ.

ಅಪ್ಪನ ದನಿಯನ್ನು ಯಾರೂ ಟೇಪ್ ಮಾಡಿಟ್ಟಿರಲಿಲ್ಲ. “ಟೇಪ್ ಮಾಡಿದ್ರ ಮಂದಿ ನನ್ನ ಯಾಕ ಕರೀತಾರ?” ಎಂದು ಅವನು ಯಾರಿಗೂ ಬಿಟ್ಟಿರಲಿಲ್ಲ. ಆದರೆ ನನ್ನ ಗಂಟಲಲ್ಲಿ ಅದು ಇತ್ತು. ಸಣ್ಣವನಿದ್ದಾಗಿನಿಂದ ಅವನನ್ನು ಅಣಕಿಸಿ ಅವನ ಕೈಯಲ್ಲೇ ಪೆಟ್ಟು ತಿಂದು ಪಳಗಿದ ದನಿ ಅದು. ಸಾವಿನ ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಮೈಕ್ ಹಿಡಿದೆ. ಪ್ರಚಾರ ಕೊಡುವ ಅಂಗಡಿಯವರು, “ನಿನ್ನ ದನಿ ಬ್ಯಾಡೋ ತಮ್ಮಾ, ಇಮಾಮಸಾಬನ ಹಂಗ ಒದರು, ಮಂದಿ ಕಿವಿ ಕೊಡತಾರ” ಎಂದರು. ಒದರಿದೆ. ಹಳ್ಳಿಗಳಲ್ಲಿ ಬಹಳ ಮಂದಿಗೆ ಅಪ್ಪ ಸತ್ತದ್ದೇ ಗೊತ್ತಾಗಲಿಲ್ಲ. ಸಂಜೆ ಗಾಡಿ ಊರೊಳಗೆ ಬರುವಾಗ ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನ್ನನ್ನು ನೋಡಲು ಅಲ್ಲ.

ಹೀಗೆ ಒಂದು ವರ್ಷ ನಡೆದ ಮೇಲೆ ಚಹಾದಂಗಡಿಯಲ್ಲಿ ನನ್ನ ದನಿ ಹೋಯಿತು. ತಮಾಷೆ ಏನೆಂದರೆ, ಅದೇ ದಿನ ಗಾಡಿ ಹತ್ತಿ ಮೈಕ್ ಹಿಡಿದರೆ “ಕೇಳ್ರೆಪೋ ಕೇಳ್ರಿ” ಖಣಿಖಣಿ ಬಂತು. ಮೈಕ್ ಇಳಿಸಿ ಮಾಮಾನಿಗೆ “ಸಾವಕಾಶ ಹೊಡಿ” ಎನ್ನಲು ಹೋದರೆ ಮತ್ತೆ ಗಾಳಿ. ಅಪ್ಪನಾಗಿ ಒದರಬಲ್ಲೆ, ದಾವಲನಾಗಿ ಒಂದು ಲೋಟ ನೀರು ಕೇಳಲಾರೆ.

ಗದಗಿನ ಕಿವಿ-ಮೂಗು-ಗಂಟಲಿನ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು, “ಆ ಅನ್ನು” ಎಂದರು. ಗಾಳಿ. “ಕೆಮ್ಮು” ಎಂದರು. ಕೆಮ್ಮು ಚಲೋ ಬಂತು. “ಮತ್ತೇನು ಬರತೈತಿ?” ಎಂದಾಗ ನಾನು ಆಡಿನಂತೆ ಒದರಿದೆ, ನರ್ಸ್ ಬಾಗಿಲ ಕಡೆ ನೋಡಿದಳು. ಆಮೇಲೆ ಅಪ್ಪನ ಕೂಗು ಹಾಕಿದೆ. ಹೊರಗೆ ಕೂತಿದ್ದ ರೋಗಿಗಳು ಎದ್ದು ನಿಂತರು.

“ಗಂಟಲದಾಗ ಏನೂ ಇಲ್ಲ,” ಎಂದು ಡಾಕ್ಟರು ಕನ್ನಡಿ ಬಿಚ್ಚಿಟ್ಟು ತಮ್ಮ ತಲೆಯನ್ನು ತಟ್ಟಿ ತೋರಿಸಿದರು. “ಕೆಲಸ ಇಲ್ಲಿ ಐತಿ.”

ಹುಚ್ಚ ಅಂದರೋ, ಢೋಂಗಿ ಅಂದರೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಎರಡರಲ್ಲಿ ಯಾವುದು ಕಡಿಮೆ ಅವಮಾನ ಎಂದು ಇಂದಿಗೂ ಹೇಳಲಾರೆ. ಇಂಥದ್ದು ಆದವರು ಇದನ್ನು ಓದುತ್ತಿದ್ದರೆ, ನಿಮಗೊಂದು ಮಾತು: ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದಾಗ ಮನೆಯವರಿಗೆಲ್ಲ ಖುಷಿಯಾಗುತ್ತದೆ, ನಿಮಗೆ ಮಾತ್ರ ಇದ್ದ ಒಂದು ಸಾಕ್ಷಿಯೂ ಹೋದಂತಾಗುತ್ತದೆ. ನನಗೂ ಹಾಗೇ ಆಗಿತ್ತು.

ಮನೆಯಲ್ಲಿ ಪಂಚಾಯ್ತಿ ಕೂತಿತು. ಅವ್ವನ ಪ್ರಕಾರ ನಾನು ಯಾವುದೋ ದೊಡ್ಡವರನ್ನು ಅಣಕಿಸಿದ್ದಕ್ಕೆ ಬಂದ ಶಾಪ ಇದು. ಅವಳ ಮಾತು ತೆಗೆದುಹಾಕುವಂತಿರಲಿಲ್ಲ. ಮಠದ ಸ್ವಾಮಿಗಳ ಪ್ರವಚನ, ಮಸೀದಿಯ ಮೌಲಾನಾರ ಬಯಾನು, ಎರಡನ್ನೂ ನಾನು ಒಂದೇ ಕಟ್ಟೆಯ ಮೇಲೆ ಕೂತು ಮಾಡಿ ತೋರಿಸಿದವನು. ತಂಗಿ ಮಾಬೂಬಿ ನನ್ನ ತೋಳು ಜೋರಾಗಿ ಚಿವುಟಿದಳು. ನಾನು ಚೀರಿದರೂ ಬಂದದ್ದು ಪಿಸುದನಿಯೇ. “ಖರೇನ ಹೋಗೇತಿ ಬೇ,” ಎಂದು ತೀರ್ಪು ಕೊಟ್ಟಳು. ನಾನು ಹೇಳಿದ್ದನ್ನು ಮೊದಲು ನಂಬಿದವಳು ಅವಳೇ.

“ದವಾಖಾನಿಗೂ ಹಚ್ಚೂಣು, ದರ್ಗಾಕ್ಕೂ ಹಚ್ಚೂಣು,” ಎಂದ ಮಾಮಾ. “ಯಾವುದರ ಒಂದು ಹತ್ತತೈತಿ.”

ಹೀಗೆ ಸೋಮವಾರ ನರಗುಂದ, ಗುರುವಾರ ಗಜೇಂದ್ರಗಡ ಎಂದು ನನ್ನ ವಾರ ಎರಡು ಪಾಲಾಯಿತು.

ನರಗುಂದದಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಗೆ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತವರಲ್ಲಿ ರೋಗಿ ಎನ್ನುವವನು ಒಬ್ಬನೂ ಇರಲಿಲ್ಲ. ಎಲ್ಲರೂ ಬೇರೆ ಯಾರನ್ನೋ ಕರೆದುಕೊಂಡು ಬಂದವರು. ಪರಿಚಯದವರು ಯಾರಾದರೂ ರಸ್ತೆಯಲ್ಲಿ ಹಾದುಹೋದರೆ ಬೆಂಚಿಗೆ ಬೆಂಚೇ ಎದ್ದು, “ಯೂರಿಯಾ ಬಂದೈತೇನ್ರಿ?” ಎಂದು ಅಂಗಡಿಯವನನ್ನು ಕೇಳುತ್ತಿತ್ತು. ಚಿಕ್ಕನರಗುಂದದ ಒಬ್ಬ ಯಜಮಾನರಂತೂ ಹೀಗೆ ಕೇಳಿ ಕೇಳಿ ಎರಡು ಚೀಲ ಹೊತ್ತುಕೊಂಡೇ ಹೋಗಬೇಕಾಯಿತು.

ಗಜೇಂದ್ರಗಡದ ಗುಡ್ಡದ ಕೆಳಗಿನ ಸಣ್ಣ ದರ್ಗಾದಲ್ಲಿ ಇದಕ್ಕೆ ಉಲ್ಟಾ. “ನಮ್ಮ ಸೊಸಿಗಿ ದೆವ್ವದ ಗಾಳಿ ಬಡದೈತ್ರಿ, ನಿಮ್ಮ ಹುಡುಗಗ?” ಎಂದು ಹೆಂಗಸರು ಬುತ್ತಿ ಬಿಚ್ಚುತ್ತಲೇ ಮಾತಿಗಿಳಿಯುತ್ತಿದ್ದರು. ಹಿಂದೂ, ಮುಸಲ್ಮಾನ ಎಲ್ಲರದ್ದೂ ಒಂದೇ ಪಡಸಾಲೆ. ಅಲ್ಲಿ ರೋಗಕ್ಕೆ ನಾಚಿಕೆಯಿರಲಿಲ್ಲ, ಯಾಕೆಂದರೆ ಅದು ಹೊರಗಿನಿಂದ ಬಂದದ್ದು. ಗೊಬ್ಬರದಂಗಡಿಯ ಮೇಲೆ ಅದು ನಮ್ಮೊಳಗೇ ಹುಟ್ಟಿದ್ದು. ನನಗೆ ಮೊದಲ ಸಂಶಯ ಬಂದದ್ದು ಇಲ್ಲಿ: ರೋಗ ಒಂದೇ ಇದ್ದರೆ, ಒಂದು ಕಡೆ ನಾನು ಅಯ್ಯೋ ಪಾಪ ಎನ್ನಿಸಿಕೊಳ್ಳುವವನು, ಇನ್ನೊಂದು ಕಡೆ ಗುಟ್ಟಿನವನು ಹೇಗಾದೆ?

ಎರಡನೆಯ ಸಂಶಯ ಹಾಸಿಗೆಯದು. ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ, ತಾವು ತಲೆಯ ಹಿಂದೆ ಕಾಣದಂತೆ ಕುರ್ಚಿ ಹಾಕಿಕೊಂಡು ಕೂತರು. ಗಾದಿಯವರ ಮೊಮ್ಮಗ ನಾನು. ಮಲಗಿದವನೇ ಬೆರಳಿನಿಂದ ಒತ್ತಿ ನೋಡಿದೆ. ಹತ್ತಿ ಹಳೆಯದು, ಗಂಟುಗಟ್ಟಿತ್ತು. ದರ್ಗಾ ನೋಡಿಕೊಳ್ಳುವ ಅಜ್ಜಾರೂ ಹಾಗೆಯೇ ಚಾಪೆಯ ಮೇಲೆ ಮಲಗಿಸಿ, ಹಸಿರು ಚಾದರ ಹೊದಿಸಿ, ತಲೆಯ ಹಿಂದೆ ಕೂತರು. ಇಬ್ಬರೂ ಕಣ್ಣು ಮುಚ್ಚು ಎಂದರು. ಇಬ್ಬರೂ ಮಾತು ಕಡಿಮೆ. ಡಾಕ್ಟರು “ಹೂಂ... ಮುಂದ?” ಎನ್ನುತ್ತಿದ್ದರು, ಅಜ್ಜಾರು “ಹಕ್... ಹೇಳು ಮಗಾ,” ಎನ್ನುತ್ತಿದ್ದರು. ಇವರಿಬ್ಬರೂ ಒಂದೇ ಶಾಲೆಯಲ್ಲಿ ಕಲಿತು ಬೇರೆ ಬೇರೆ ಊರಿನಲ್ಲಿ ಅಂಗಡಿ ಇಟ್ಟಿದ್ದಾರೆ ಎಂದು ನನಗೆ ಅನ್ನಿಸಿತು. ಮಾಬೂಬಿಗೆ ಇಬ್ಬರನ್ನೂ ಮಾಡಿ ತೋರಿಸಿದೆ. ಬರೀ ಗಾಳಿಯಲ್ಲಿ ಮಾಡಿದರೂ ನಕ್ಕಳು.

ಡಾಕ್ಟರರ ಪದ್ಧತಿಗೆ ಮನೋವಿಶ್ಲೇಷಣೆ ಎನ್ನುತ್ತಾರಂತೆ. ಮನಸ್ಸಿಗೆ ಬಂದದ್ದನ್ನು ಸೋಸದೆ ಹೇಳಬೇಕು, ಕನಸು ಹೇಳಬೇಕು. ದನಿ ಇಲ್ಲದವನಿಗೆ ಮಾತಿನ ಮದ್ದು! ಪಿಸುಗುಟ್ಟಿ ಪಿಸುಗುಟ್ಟಿ ಗಂಟಲು ಉರಿಯುತ್ತಿತ್ತು. ಅವರು ಅಪ್ಪನ ಸುತ್ತಲೇ ಅಗೆಯುತ್ತಿದ್ದರು.

“ಅಪ್ಪನ ಮ್ಯಾಲೆ ಸಿಟ್ಟಿತ್ತೇನು?”

“ಯಾರಿಗಿರೂದಿಲ್ರಿ?”

“ಅವರು ತೀರಿದ ದಿನ ನೀನಿದ್ದಿದ್ರ ಏನಾಗತಿತ್ತು ಅಂತ ವಿಚಾರ ಬರತೈತೇನು?”

“ಗಾಡಿಯೊಳಗ ಜಾಗಾ ಸಾಲತಿರಲಿಲ್ರಿ.”

“ಹೂಂ... ಮುಂದ?”

ಒಂದು ಸೋಮವಾರ ಅವರು, ಮನುಷ್ಯ ಸಣ್ಣವನಿದ್ದಾಗ ಅಪ್ಪನನ್ನು ಕಂಡ ಹಾಗೆಯೇ ದೊಡ್ಡವನಾದ ಮೇಲೆ ದೇವರನ್ನು ಕಾಣುತ್ತಾನೆ, ಅಂಜಿಕೆಯೂ ಅದೇ, ಆಸರೆಯೂ ಅದೇ, ಎಂಬರ್ಥದ ಮಾತು ಹೇಳಿದರು. ಡಾಕ್ಟರು ಸಿಕ್ಕಿಬಿದ್ದರು ಎಂದುಕೊಂಡೆ.

“ನಮ್ಮೊಳಗ ದೇವರಿಗಿ ಅಪ್ಪ ಅನ್ನೂ ರೂಢಿನ ಇಲ್ರಿ, ಸರ.”

“ಗೊತ್ತೈತಿ. ಅದಕ್ಕ ಕೇಳಾಕತ್ತೀನಿ. ನೀನು ಯಾರಿಗಿ ಏನಂತೀ?”

ತಲೆ ತಿರುಗಿಸಿ ನೋಡಿದೆ. ಅವರ ಹಣೆಯ ಮೇಲೆ ಅರ್ಧ ಅಳಿಸಿದ ವಿಭೂತಿ ಇತ್ತು. “ನೀವು ನಂಬತೀರೇನ್ರಿ?” ಎಂದೆ. “ಇದು ನಿನ್ನ ತಾಸು, ನಂದಲ್ಲ,” ಎಂದರು. ಆ ತಾಸೂ ಅಲ್ಲಿಗೆ ಮುಗಿದಿತ್ತು.

ಗಜೇಂದ್ರಗಡದಲ್ಲಿ ಆದದ್ದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಆ ಗುರುವಾರ ಅವ್ವ ನನ್ನ ಕಾಲ ಬಳಿ ಕೂತಿದ್ದಳು. ಅಜ್ಜಾರು ಲೋಬಾನದ ಹೊಗೆ ಹಾಕಿ, ಚಾದರದ ಮೇಲಿಂದ ನನ್ನ ತಲೆಗೆ ಕೈಯಿಟ್ಟು ಕೇಳಿದರು: “ಈ ಗಂಟಲದಾಗ ಯಾರ ಅದೀ?”

“ನಾ ಇಮಾಮಸಾಬ ಅದೀನ್ರಿ,” ಎಂದಿತು ನನ್ನ ಬಾಯಿ.

ಮೈಕ್ ಇಲ್ಲದೆ, ತುಂಬು ದನಿಯಲ್ಲಿ. ಪಡಸಾಲೆಯಲ್ಲಿ ಬುತ್ತಿ ಉಣ್ಣುತ್ತಿದ್ದವರ ಕೈ ನಿಂತಿತು. ಅವ್ವ ಸೆರಗು ಹೊದ್ದುಕೊಂಡು ನನ್ನ ಪಾದ ಹಿಡಿದಳು. ಅವಳು ಶಾಪದ ಬಗ್ಗೆ ಕೇಳಲಿಲ್ಲ, ನನ್ನ ದನಿಯ ಬಗ್ಗೆ ಕೇಳಲಿಲ್ಲ.

“ಏನ್ರೀ, ಹೋಗೂ ಮುಂದ ನೀರ ಕುಡದ್ರ್ಯಾ?”

ಸಾಯುವವರ ಬಾಯಿಗೆ ಮನೆಯವರು ನೀರು ಬಿಡಬೇಕು. ಅಪ್ಪನಿಗೆ ಯಾರೂ ಬಿಟ್ಟಿರಲಿಲ್ಲ. ಒಂದು ವರ್ಷ ಅವಳು ಇದನ್ನು ಯಾರೆದುರೂ ಆಡಿರಲಿಲ್ಲ.

“ಕುಡದೀನಿ,” ಎಂದಿತು ಬಾಯಿ. “ಹೊಟ್ಟಿ ತುಂಬ ಕುಡದೀನಿ.”

ಓದುವವರು ಕೇಳುತ್ತೀರಿ, ನೀನು ನಾಟಕ ಮಾಡಿದೆಯಾ ಎಂದು. ನಾನೂ ಕೇಳಿಕೊಂಡಿದ್ದೇನೆ. ಬೇಕೆಂದು ದನಿ ತೆಗೆದಾಗ ನನಗೆ ಗೊತ್ತಾಗುತ್ತದೆ: ದವಡೆ ಕೆಳಗಿಳಿಸುತ್ತೇನೆ, ಹೊಟ್ಟೆಯಿಂದ ಗಾಳಿ ತಳ್ಳುತ್ತೇನೆ. ಆ ದಿನ ದವಡೆ ಇಳಿಸಿದ್ದು ನೆನಪಿಲ್ಲ. ಇಳಿಸಿರಲಿಲ್ಲ ಎಂದೂ ಆಣೆ ಮಾಡಲಾರೆ. ಡಾಕ್ಟರರ ಮೇಲೆ, ಅಜ್ಜಾರ ಮೇಲೆ ನನಗಿದ್ದ ಸಂಶಯವೆಲ್ಲ ಆ ಹೊತ್ತು ನನ್ನ ಮೇಲೇ ತಿರುಗಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವ್ವ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದಳು. ಅಪ್ಪ ಹೋದಾಗಿನಿಂದ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ರೋಗ ನನ್ನ ಕೈ ತಪ್ಪಿತು. ದಿನಾ ಸಂಜೆ ಅವ್ವ ಎದುರು ಕೂತು, “ಅವರನ್ನ ಕರಿ,” ಎನ್ನುವಳು. ನಾನು ಕೆಮ್ಮಿ ಶುರು ಮಾಡುವೆ. ಅವಳು ದಿನದ ಸುದ್ದಿಯನ್ನೆಲ್ಲ ಹೇಳುವಳು, ಜೋಳ ಬೀಸಿಸಿದ್ದು, ಪಕ್ಕದ ಮನೆಯ ಜಗಳ. ಅಪ್ಪನ ದನಿ “ಆಗಲಿ ತಗೋ” ಎನ್ನುವುದು. ಅಪ್ಪ ಬದುಕಿದ್ದಾಗಲೂ ಏನು ಕೇಳಿದರೂ ಅಷ್ಟೇ ಹೇಳುತ್ತಿದ್ದ, ಹಾಗಾಗಿ ಕಷ್ಟವೇನೂ ಇರಲಿಲ್ಲ. ಕಷ್ಟವೆಂದರೆ, ಅವ್ವ ದಾವಲನನ್ನು ಕೇಳುವುದನ್ನೇ ಬಿಟ್ಟಳು. ಉಂಡೆಯಾ ಎಂದೂ ಇಲ್ಲ. ನನ್ನ ದನಿ ಮರಳಿದರೆ ಅಪ್ಪ ಹೋಗಿಬಿಡುತ್ತಾನೆ ಎಂದು ಅವಳಿಗೆ ಅಂಜಿಕೆ ಹತ್ತಿತ್ತು. ನರಗುಂದಕ್ಕೆ ಹೋಗುವ ದಿನ ನನ್ನ ಅಂಗಿ ಒಗೆಯಲು ನೆನೆಹಾಕಿಬಿಡುತ್ತಿದ್ದಳು.

ಇದನ್ನೆಲ್ಲ ಡಾಕ್ಟರರಿಗೆ ಪಿಸುಗುಟ್ಟಿದೆ. ದೆವ್ವ ಗಿವ್ವ ಸುಳ್ಳು ಎಂದು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, “ನೀರು ಕುಡದೀನಿ ಅಂದಾಗ ನಿನಗ ಹ್ಯಾಂಗನಸ್ತು?” ಎಂದರು.

“ನಾ ಅಲ್ಲಿರಲಿಲ್ರಿ.”

“ಎಲ್ಲಿದ್ದಿ?”

ಗೆಳೆಯನ ಮದುವೆಯ ಚಪ್ಪರ ಕಣ್ಣ ಮುಂದೆ ಬಂತು. ಗಂಟು ಹತ್ತಿಯ ಆ ಗಾದಿಯ ಮೇಲೆ ಮಲಗಿ, ಮೂಗು ಸುರಿಸುತ್ತ ಅತ್ತೆ. ಡಾಕ್ಟರು ಎದ್ದು ಬಂದು ಪಂಖ ಹಚ್ಚಿ ಮತ್ತೆ ಹೋಗಿ ಕೂತರು. ಅವರು ನನಗೆ ಮಾಡಿದ ಉಪಕಾರಗಳಲ್ಲಿ ನನಗೆ ಪೂರ್ತಿ ನಂಬಿಕೆ ಇರುವುದು ಆ ಪಂಖದ ಮೇಲೆ.

ಗುರುವಾರ ಅಜ್ಜಾರನ್ನು ಒಬ್ಬನೇ ಹಿಡಿದೆ. ಅವರು ಗೋಡೆಗೆ ಒರಗಿ ಬಿ.ಪಿ. ಗುಳಿಗೆ ನುಂಗುತ್ತಿದ್ದರು. ಅಪ್ಪನ ವಿಷಯ ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ.

“ನಿಮ್ಮ ಮಾಮಾ,” ಎಂದರು, ಒಂದಿಷ್ಟೂ ಅಳುಕದೆ. “ನಿನಗ ಗಂಟಲ ಇಲ್ಲ, ಅವನಿಗಿ ಐತಿ. ಯಾಕ, ಆಕಾಶದಾಗಿಂದ ಬಂದು ಹೇಳಬೇಕಿತ್ತೇನ?”

“ಹಂಗಾರ ಅವತ್ತ ಬಂದಾವ ನಮ್ಮಪ್ಪ ಹೌದೋ ಅಲ್ಲೋ?”

ಅಜ್ಜಾರು ನೀರಿನ ಲೋಟ ಕೆಳಗಿಟ್ಟರು. “ಸತ್ತವರು ಭಾಳ ಮಾತಾಡೂದಿಲ್ಲ ತಮ್ಮಾ. ಒಂದ ಮಾತ ಹೇಳಿ ಹೋಗತಾರ. ದಿನಾ ಸಂಜಿಗಿ ಬಂದು ಜ್ವಾಳದ ಸುದ್ದಿ ಕೇಳಾವ ಸತ್ತಾವಲ್ಲ. ನಿಮ್ಮವ್ವಗ ಕರೀಬ್ಯಾಡ ಅಂತ ಹೇಳೀನಿ. ಕೇಳವಲ್ಲಳು.”

ಡಾಕ್ಟರು ಎಲ್ಲಿದ್ದೆ ಎಂದರು, ಅಜ್ಜಾರು ಕರೆಯಬೇಡ ಎಂದರು. ಇಬ್ಬರೂ ಒಂದೇ ಬಾಗಿಲು ತೋರಿಸುತ್ತಿದ್ದರು: ಅಪ್ಪ ಹೊರಗೆ, ನಾನು ಒಳಗೆ. ಅದಕ್ಕೇ ನನಗೆ ಇನ್ನಷ್ಟು ಸಂಶಯ. ಎರಡು ಅಂಗಡಿಯವರು ಒಂದೇ ದರ ಹೇಳಿದರೆ ಸಂತೆಯಲ್ಲಿ ಯಾರಾದರೂ ನಂಬುತ್ತಾರೆಯೇ?

ಅಷ್ಟರಲ್ಲಿ ಮಾಮಾನಿಗೆ ಒಂದು ಯೋಚನೆ ಹೊಳೆಯಿತು. ಅವನ ಮಗನಿಗೆ ಮಾಬೂಬಿಯನ್ನು ತಂದುಕೊಳ್ಳಬೇಕೆಂದು ಅಪ್ಪ ಇದ್ದಾಗಿನಿಂದಲೂ ಅವನಿಗೆ ಆಸೆ. ಪಿ.ಯು.ಸಿ. ಓದುತ್ತಿದ್ದ ಮಾಬೂಬಿಗೆ ಡಿ.ಎಡ್. ಮಾಡಿ ಸಾಲಿ ಟೀಚರ್ ಆಗುವ ಆಸೆ. ಒಂದು ಸಂಜೆ, ಮಗ್ರಿಬ್ ನಮಾಜು ಮುಗಿಸಿ ಬಂದ ಮಾಮಾ ಟೋಪಿ ತೆಗೆಯದೆ ನನ್ನೆದುರು ಚಕ್ಕಳಬಕ್ಕಳ ಹಾಕಿ ಕೂತ.

“ತಂಗೀ, ನಾವು ಯಾಕ ಜಗ್ಗ್ಯಾಡೂದು? ಭಾವನ್ನ ಕೇಳಿಬಿಡೂಣು. ಅವರು ಏನಂತಾರ ಅದ ಆಗಲಿ.”

ಅವ್ವ ನನ್ನ ಕಡೆ ತಿರುಗಿದಳು. “ಕರಿ.”

ಉತ್ತರ ನನಗೆ ಗೊತ್ತಿತ್ತು, ಮಾಮಾನಿಗೂ ಗೊತ್ತಿತ್ತು. ಅಪ್ಪನ ದನಿಗೆ ಬರುವುದು “ಆಗಲಿ ತಗೋ” ಒಂದೇ. ಬೇಡ ಎನ್ನುವುದನ್ನು ಆ ದನಿ ಜನ್ಮದಲ್ಲಿ ಕಲಿತಿರಲಿಲ್ಲ. ಎದೆಯೊಳಗೆ ಅದು ಎದ್ದು ನಿಂತದ್ದು ಗೊತ್ತಾಯಿತು. ಕೆಮ್ಮಿದೆ. “ಭಾವಾ, ಮಾಬೂಬಿನ್ನ ನನ್ನ ಮಗಗ ಕೊಡತೀರೇನು?” ಎಂದು ಮಾಮಾ ಕೇಳಿದ. ನಾನು ಬಾಯಿ ತೆರೆದು ಮಾಬೂಬಿಯನ್ನು ನೋಡಿದೆ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಓಢಣಿಯನ್ನು ಹಣೆಯ ತನಕ ಎಳೆದುಕೊಂಡು, ನೆಲ ನೋಡುತ್ತಿದ್ದಳು. ಅಪ್ಪನ ಎದುರು ಅವಳು ನಿಲ್ಲುತ್ತಿದ್ದ ರೀತಿ ಅದು. ನನ್ನ ಎದುರು! ನನ್ನ ಚಪ್ಪಲಿಯಲ್ಲಿ ಹುಣಸೆಹಣ್ಣು ಮೆತ್ತಿಡುವವಳು, ನನ್ನ ತೋಳು ಚಿವುಟಿ ಖರೇನೋ ಸುಳ್ಳೋ ನೋಡಿದವಳು. ಅವಳೂ ನಂಬಿದ್ದಳು. ಅವಳಿಗೆ ಅಣ್ಣನೇ ಇರಲಿಲ್ಲ.

“ಓಢಣಿ ಇಳಸಲೇ ಮಾಬೂಬಿ,” ಎಂದಿತು ಯಾವುದೋ ದನಿ. ತೆಳ್ಳಗೆ, ಒಡೆದು, ಕೊನೆಯಲ್ಲಿ ಕೀರಲಾಗಿ. “ನಾ ಅದೀನಿ.”

ಯಾರ ದನಿ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು.

“ಅವರೇನಂದ್ರು?” ಎಂದಳು ಅವ್ವ.

“ಅವರಿಲ್ಲ ಬೇ. ನಾ ದಾವಲ. ಅವರೇನಂತಿದ್ರೋ ನನಗ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಹ್ಯಾಂಗಲೇ?” ಎಂದು ಮಾಮಾ ಎದ್ದ. ಅವ್ವ ಕೈಯೆತ್ತಿ ಅವನನ್ನು ತಡೆದಳು. ಅವಳ ಮುಖದ ಬಣ್ಣ ಇಳಿದಿತ್ತು. ಅವಳು ಏನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಕೇಳದಿರಲಿ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಡಾಕ್ಟರರೇ ಹೇಳಬೇಕು.

“ಹಂಗಾರ ನೀರು?”

ಒಂದು ಸುಳ್ಳು ಸಾಕಿತ್ತು. ಸುಳ್ಳೋ ಖರೆಯೋ ಅದೂ ಗೊತ್ತಿಲ್ಲದ ಒಂದು ಮಾತು. ಆದರೆ ಅದನ್ನು ಹೇಳಿದರೆ ಈಗಷ್ಟೇ ಬಂದ ದನಿ ಅಲ್ಲಿಗೇ ಮತ್ತೆ ಹೋಗುತ್ತಿತ್ತು.

“ಅದೂ ಗೊತ್ತಿಲ್ಲ ಬೇ.”

ಅವ್ವ ಅತ್ತಳು. ಹೆಣದ ಮುಂದೆ ಅತ್ತದ್ದಕ್ಕಿಂತ ಜೋರಾಗಿ, ಓಣಿಯ ಮಂದಿ ಓಡಿ ಬರುವ ಹಾಗೆ ಅತ್ತಳು. ಮಾಬೂಬಿ ಅವಳನ್ನು ಹಿಡಿದುಕೊಂಡಳು. ಮದುವೆಯ ಮಾತಿಗೆ ಅವ್ವ ಹೇಳಿದ್ದು ಇಷ್ಟೇ: “ಅಕಿನ್ನ ಕೇಳ ಅಣ್ಣಾ, ಅಕೀಗಿ ಬಾಯಿ ಐತಿ.” ನನ್ನ ಜೊತೆ ಮಾತು ಬಿಟ್ಟಳು. ಗಂಡನನ್ನು ಎರಡನೆಯ ಸಲ ಒಯ್ದವನು ನಾನೇ ಅಲ್ಲವೆ?

ವಾಸಿಮಾಡಿದ್ದು ಯಾರು? ಡಾಕ್ಟರರಿಗೆ ನನ್ನ ದನಿಯಲ್ಲೇ ಎಲ್ಲ ಹೇಳಿದೆ. “ಹೂಂ,” ಎಂದರು. ಆ ಹೂಂನಲ್ಲಿ ಸ್ವಲ್ಪ ಹೆಮ್ಮೆ ಇತ್ತು ಎಂದು ನನ್ನ ಗುಮಾನಿ. ಅಜ್ಜಾರು ಚಾದರ ಮಡಚುತ್ತ, ಇನ್ನು ಬರಬೇಡ, ಬಂದರೆ ಬರೀ ಚಾ ಕುಡಿಯಲು ಬಾ ಎಂದರು. ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದು ಕೆಲವರು ಕೇಳುತ್ತಾರೆ. ಇಬ್ಬರ ಹತ್ತಿರವೂ ನಾನು ಸುಳ್ಳು ಹೇಳಿದ್ದೇನೆ, ಇಬ್ಬರ ಹತ್ತಿರವೂ ಅತ್ತಿದ್ದೇನೆ. ಇಬ್ಬರನ್ನೂ ಇವತ್ತಿಗೂ ಪೂರ್ತಿ ನಂಬುವುದಿಲ್ಲ. ದನಿ ಈಗಲೂ ಒಮ್ಮೊಮ್ಮೆ ಅರ್ಧ ದಿನ ಹೋಗುತ್ತದೆ. ಆಗ ಅಂಜದೆ ಸುಮ್ಮನೆ ಕೂರುತ್ತೇನೆ.

ಕೆಲವು ದಿನದ ಮೇಲೆ ಮೆಣಸಗಿಯಲ್ಲಿ ಕಣ್ಣಿನ ಶಿಬಿರದ ಪ್ರಚಾರವಿತ್ತು. ಈ ಕೀರಲು ದನಿಯಲ್ಲೇ ಒದರಿದೆ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಗಾಡಿಯ ಹತ್ತಿರ ಬಂದರು.

“ಇಮಾಮಸಾಬಗ ಏನಾತೋ? ದನಿ ಬಿದ್ದೇತಲ್ಲ.”

“ಅವರು ತೀರಿಕೊಂಡಾರ್ರಿ ಅಜ್ಜಾ. ನಾ ಅವರ ಮಗ.”

ಮೈಕ್ ಆರಿಸುವುದನ್ನು ಮರೆತಿದ್ದೆ. ಮಾತು ಇಡೀ ಊರಿಗೆ ಕೇಳಿಸಿತು. ಒಂದೊಂದೇ ಬಾಗಿಲಿನಿಂದ ಮಂದಿ ಹೊರಗೆ ಬಂದರು. ಯಾವಾಗ, ಹೇಗೆ, ಅಯ್ಯ ಎಷ್ಟು ಚಲೋ ಒದರುತ್ತಿದ್ದ ಎಂದು ಗಾಡಿಯ ಸುತ್ತ ನಿಂತರು. ಒಬ್ಬ ಹೆಂಗಸು ನನ್ನ ತಲೆ ಸವರಿದಳು. ಮಾಮಾ ಹ್ಯಾಂಡಲ್ ಮೇಲೆ ಹಣೆಯಿಟ್ಟು ಕೂತುಬಿಟ್ಟ.

ಆ ಭಾನುವಾರ ಮೆಣಸಗಿಯವರು ಒಂದು ಟ್ರ್ಯಾಕ್ಟರ್ ತುಂಬ ನಮ್ಮ ಮನೆಗೆ ಮಾತಾಡಿಸಲು ಬಂದರು. ವರ್ಷ ಕಳೆದ ಮೇಲೆ ಬಂದೆವೆಂದು ಅವರಿಗೆ ನಾಚಿಕೆ. ಅವ್ವ ಅವರ ನಡುವೆ ಕೂತು ಮೊದಲಿನಿಂದ ಹೇಳತೊಡಗಿದಳು: ಆ ಬೆಳಗು ಏನು ಉಂಡರು, ಯಾವ ಅಂಗಿ ಹಾಕಿದರು, ಗಾಡಿ ಹೇಗೆ ಬಂತು. “ಕಡೀಕ ನೀರ ಕುಡದ್ರೋ ಇಲ್ಲೋ ಗೊತ್ತಾಗಲಿಲ್ರೆವ್ವಾ,” ಎಂದು ಅವಳೇ ಬಾಯಿಬಿಟ್ಟು ಹೇಳಿದಳು. ಹೆಂಗಸರು ಅವಳ ಕೈ ಹಿಡಿದುಕೊಂಡರು.

ಆಮೇಲೆ ಕಣ್ಣೊರೆಸಿಕೊಂಡು ಸುತ್ತ ನೋಡಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದಳು. “ದಾವಲಾ, ಮಂದಿಗಿ ಚಾ ಇಡಂತ ಹೇಳು ನಿನ್ನ ತಂಗಿಗಿ.”

ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

“ಕೇಳಿಸೇತಿ, ಊರಿಗೆಲ್ಲಾ ಯಾಕ ಒದರತಿ?” ಎಂದು ಒಳಗಿನಿಂದ ಬಂತು ಮಾಬೂಬಿಯ ಉತ್ತರ. “ನಾ ಓದಾಕತ್ತೀನಿ. ನೀನ ಇಡಲೇ.”